ಲಡಾಖ್‌ಗೆ ಹೊರಟಿರುವ ಸೋದರ ಸೊಸೆಗೆ

ಮಾಳಮಡ್ಡಿ, ಧಾರವಾಡ

ಚಿರಂಜೀವಿ ಪುಟ್ಟಿಗೆ ಮಾಮಾ ಮಾಡುವ ಆಶೀರ್ವಾದಗಳು.

ಆರು ವಾರ ಲಡಾಖ್‌ನ ಕಣಿವೆಗಳಲ್ಲಿ ಬಂಡೆಗಳ ಮಾದರಿ ಸಂಗ್ರಹಿಸಲು ಹೊರಟಿರುವೆ ಎಂದು ಓದಿ ಎದೆ ತುಂಬಿ ಬಂತು. ನಿನ್ನ ಅವ್ವನಿಗೆ ಮಾತ್ರ ಎರಡು ದಿನದಿಂದ ಊಟ ಸೇರಿಲ್ಲ.

ಅಮೆರಿಕದ ಗೆಳತಿಯ ಕೈಯಲ್ಲಿ, ಮೊಬೈಲ್ ಸಿಗ್ನಲ್ ಸಿಗದ ಕಡೆಯಿಂದಲೂ ಉಪಗ್ರಹದ ಮೂಲಕ ಸಂದೇಶ ಕಳಿಸುವ ಗಾರ್ಮಿನ್ ಇನ್‌ರೀಚ್ ತರಿಸಲೇ ಎಂದು ಕೇಳಿದ್ದೀಯ. ಬೇಡ ಮಗಳೇ. ಉಪಕರಣದಲ್ಲಿ ಕುಂದಿಲ್ಲ. ಅದು ನಂಬಿರುವ ಇರಿಡಿಯಂ ಜಾಲದ 66 ಉಪಗ್ರಹಗಳು ಸುಮಾರು 780 ಕಿ.ಮೀ. ಎತ್ತರದಲ್ಲಿ ಸುತ್ತುತ್ತಲೇ ಇರುತ್ತವೆ. ಒಂದು ಗುಡ್ಡದ ಮರೆಗೆ ಸರಿದರೆ ಸ್ವಲ್ಪ ಹೊತ್ತಿನಲ್ಲಿ ಇನ್ನೊಂದು ತಲೆಯ ಮೇಲೆ ಬರುತ್ತದೆ. ಇಕ್ಕಟ್ಟಾದ ಕಣಿವೆಗೆ ಹೇಳಿಮಾಡಿಸಿದಂತಿದೆ. ಆದರೆ ನಮ್ಮ ದೇಶದಲ್ಲಿ ಪರವಾನಗಿ ಇಲ್ಲದೆ ಇಂಥದ್ದನ್ನು ಇಟ್ಟುಕೊಳ್ಳುವುದೇ ಅಪರಾಧ. 1933ರ ವೈರ್‌ಲೆಸ್ ಕಾಯ್ದೆಯ ಕಾಲದಿಂದಲೂ ಹಾಗೆಯೇ. 2024ರ ಡಿಸೆಂಬರ್‌ನಲ್ಲಿ ಇಲ್ಲೇ ಗೋವಾದ ವಿಮಾನ ನಿಲ್ದಾಣಗಳಲ್ಲಿ ಇದೇ ಉಪಕರಣ ಹಿಡಿದಿದ್ದ ವಿದೇಶಿ ಪ್ರವಾಸಿಗರನ್ನು ತಡೆದು ಪೊಲೀಸರಿಗೆ ಒಪ್ಪಿಸಿದರು. ನೀನು ಹೋಗುತ್ತಿರುವುದು ಗಡಿನಾಡಿಗೆ.

ನಮಗಿರುವ ನೇರ ದಾರಿ ಬಿಎಸ್‌ಎನ್‌ಎಲ್ ಒದಗಿಸುವ ಇನ್‌ಮಾರ್‌ಸ್ಯಾಟ್ ಉಪಗ್ರಹ ಫೋನ್. ಅದಕ್ಕೂ ದೂರಸಂಪರ್ಕ ಇಲಾಖೆಯ ಅನುಮತಿ ಬೇಕು. ಅರ್ಜಿ ನಿನ್ನ ಸಂಸ್ಥೆಯಿಂದಲೇ ಹೋಗಲಿ, ಇದೇ ವಾರ ಹೋಗಲಿ. ಇನ್ನೊಂದು ಸಂಗತಿ ತಿಳಿದಿರು. ಇನ್‌ಮಾರ್‌ಸ್ಯಾಟ್ ಉಪಗ್ರಹಗಳು ಸಮಭಾಜಕದ ಮೇಲೆ, ಸುಮಾರು 36,000 ಕಿ.ಮೀ. ಎತ್ತರದಲ್ಲಿ ಒಂದೇ ಕಡೆ ನಿಂತಿರುತ್ತವೆ. ಲಡಾಖ್‌ನಿಂದ ನೋಡಿದರೆ ಅವು ದಕ್ಷಿಣದ ಆಕಾಶದಲ್ಲಿವೆ. ಡೇರೆಯ ದಕ್ಷಿಣಕ್ಕೆ ಕಡಿದಾದ ಪರ್ವತವಿದ್ದರೆ, ಎಷ್ಟು ಹೊತ್ತು ಕಾದರೂ ಫೋನ್ ಮೂಕವೇ. ಡೇರೆ ಹಾಕುವ ಮೊದಲೇ ಆಂಟೆನಾ ಎತ್ತಿ ಒಂದು ಕರೆ ಮಾಡಿ ನೋಡು. ಬರದಿದ್ದರೆ, ಎಷ್ಟೇ ದಣಿದಿದ್ದರೂ, ಜಾಗ ಬದಲಿಸು. ರಾತ್ರಿ ಬ್ಯಾಟರಿಯನ್ನು ಮೈಗೆ ಒತ್ತಿಕೊಂಡು ಮಲಗು. ಚಳಿಗೆ ಅದರ ಶಕ್ತಿ ಕುಗ್ಗುತ್ತದೆ. ಮೊಬೈಲ್‌ಗೆ ಪೋಸ್ಟ್‌ಪೇಯ್ಡ್ ಸಿಮ್ ಇರಲಿ, ಹೊರರಾಜ್ಯದ ಪ್ರೀಪೇಯ್ಡ್ ಅಲ್ಲಿ ನಡೆಯುವುದಿಲ್ಲ.

ಇಷ್ಟೆಲ್ಲ ಬರೆದರೂ ನನ್ನ ಮನಸ್ಸು ಫೋನಿನ ಆಚೆ ತುದಿಯಲ್ಲೇ ನಿಂತಿದೆ. ಇದುವರೆಗೆ ನಿನಗೆ ಹೇಳದ ಒಂದು ಸಂಗತಿ ಇದೆ. ಮೂವತ್ತು ವರ್ಷಗಳ ಹಿಂದೆ, ಅಣಶಿಯ ಕಾಡಿನಲ್ಲಿ, ಬೆಳಿಗ್ಗೆ ಬಿಡಾರದಲ್ಲಿ ಒಂದು ಹಳ್ಳದ ಹೆಸರು ಹೇಳಿ ಹೊರಟೆ. ದಾರಿಯಲ್ಲಿ ಪಕ್ಕದ ಹಳ್ಳದ ಬಂಡೆಗಳು ಚೆನ್ನಾಗಿ ಕಂಡವು, ಅತ್ತ ತಿರುಗಿದೆ. ಮಧ್ಯಾಹ್ನ ಪಾಚಿಗಲ್ಲಿನ ಮೇಲೆ ಜಾರಿ ನನ್ನ ಸಹಾಯಕನ ಕಾಲು ಮುರಿಯಿತು. ಟಾರ್ಪಾಲಿನ ಒಂದು ಚೂರು ಹೊದಿಸಿ ರಾತ್ರಿಯಿಡೀ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಮಳೆ ನಿಂತ ಮೇಲೂ ಅವನ ಹಲ್ಲು ಕಟಕಟಿಸುತ್ತಲೇ ಇದ್ದವು. ಹುಡುಕುವವರು ನಾನು ಹೇಳಿದ್ದ ಹಳ್ಳವನ್ನೇ ಇಡೀ ರಾತ್ರಿ ಜಾಲಾಡಿದರು. ನಮ್ಮನ್ನು ಕಂಡಾಗ ಬೆಳಗಿನ ಹನ್ನೊಂದು ಗಂಟೆ. ಅವನು ಮುಂದೆ ಜೀವನಪೂರ್ತಿ ಕುಂಟಿದ. ತಪ್ಪು ಪೂರ್ತಿ ನನ್ನದು.

ಆದ್ದರಿಂದ ಲೇಹ್‌ನಲ್ಲಿ ನಂಬಿಗಸ್ಥರೊಬ್ಬರನ್ನು ಗೊತ್ತುಮಾಡು. ದಿನವೂ ಸಂಜೆ ಏಳಕ್ಕೆ ಎಲ್ಲಿದ್ದೀರಿ, ನಾಳೆ ಎಲ್ಲಿಗೆ ಎಂದು ಅವರಿಗೆ ತಿಳಿಸು. ದಾರಿ ಬದಲಿಸುವುದಾದರೆ ಮೊದಲು ಹೇಳು, ಆಮೇಲೆ ಹೆಜ್ಜೆ ಇಡು. ಒಂದು ಸಂಜೆ ಕರೆ ಬಾರದಿದ್ದರೆ ಎಷ್ಟು ಹೊತ್ತು ಕಾಯಬೇಕು, ಯಾರ ಬಾಗಿಲು ತಟ್ಟಬೇಕು ಎಂಬುದನ್ನು ಹೊರಡುವ ಮುನ್ನವೇ ಕಾಗದದ ಮೇಲೆ ಬರೆದು ಕೊಡು. ಜೊತೆಗಿರುವ ಇಬ್ಬರಿಗೂ ಫೋನ್ ಬಳಸುವುದನ್ನು ಕಲಿಸು. ಬೀಳುವವಳು ನೀನೇ ಆಗಿರಬಹುದು.

ಆ ಕಾಗದದ ಒಂದು ಪ್ರತಿ ನನಗೂ ಬರಲಿ. ಅಡುಗೆಮನೆಯ ಕ್ಯಾಲೆಂಡರ್ ಪಕ್ಕದಲ್ಲಿ ಜಾಗ ಮಾಡಿಟ್ಟಿದ್ದೇನೆ.

ನಿನ್ನ
ಮಾಮಾ