ಆ 'ಹೂಂ' ಬಗ್ಗೆ

ಮಂಜ,

ಹೋದ ಭಾನುವಾರ ನೀನು ಫೋನಿನಲ್ಲಿ "ಈಗ ಹುಷಾರಾಗಿದ್ದೀಯಾ?" ಅಂದೆ. ನಾನು "ಹೂಂ" ಅಂದೆ. ಸುಳ್ಳು ಕಣೋ. ಪೂರ್ತಿ ಸುಳ್ಳಲ್ಲ, ಫಿಟ್ಸ್ ಬಂದು 14 ತಿಂಗಳಾಯ್ತು.

ಹಾಸ್ಟೆಲ್‌ನಲ್ಲಿ ನೀನು ನೋಡಿದ್ದು ಮೊದಲನೆಯದಲ್ಲ. ಶುರುವಾಗಿದ್ದು ಹೈಸ್ಕೂಲಲ್ಲಿದ್ದಾಗ, ಬಚ್ಚಲುಮನೆಯಲ್ಲಿ, ಹಂಡೆಯ ಬಿಸಿನೀರು ತಲೆ ಮೇಲೆ ಸುರಿದುಕೊಳ್ಳುವಾಗ. ಬಿಸಿನೀರಿನಿಂದ ಬರುವ ಫಿಟ್ಸ್ ಅಂತಲೇ ಒಂದು ಬಗೆ ಇದೆ. ನಮ್ಮ ಮೈಸೂರು ಸೀಮೆಯಲ್ಲಿ ಬೇರೆ ಕಡೆಗಿಂತ ಜಾಸ್ತಿ. ನಿಮ್ಹಾನ್ಸ್‌ನವರು ದಶಕಗಳಿಂದ ಅದರ ಬೆನ್ನು ಹತ್ತಿದ್ದಾರೆ. ಕೆಲವರಿಗೆ ಆಮೇಲೆ ಬಿಸಿನೀರಿಲ್ಲದೆಯೂ ಬರುತ್ತದೆ. ನನಗೆ ಬಂತು.

ಮೊದಲ ಸಲ ಬಂದ ದಿನವೇ ಅಪ್ಪ ಸ್ಕ್ರೂಡ್ರೈವರ್ ತಂದು ಬಚ್ಚಲ ಬಾಗಿಲಿನ ಚಿಲಕ ಕಿತ್ತರು. ನಾಲ್ಕು ತೂತು ಇನ್ನೂ ಹಾಗೇ ಇವೆ. ಅಮ್ಮ ಹೊರಗೆ ನಿಂತು ಎರಡು ಚೊಂಬಿಗೊಂದು ಸಲ "ಇದ್ದೀಯೇನೋ?" ಅಂತ ಕೂಗುತ್ತಿದ್ದಳು. ನಾನು ಹೂಂ ಅನ್ನಬೇಕಿತ್ತು. 31 ವರ್ಷದವನು, ಮುಖಕ್ಕೆಲ್ಲ ಸೋಪು, ಹೂಂ.

ಫಿಟ್ಸ್ ಇರುವುದು ಒಂದೆರಡು ನಿಮಿಷ. ನನಗೆ ಅದರ ನೆನಪೂ ಇರುವುದಿಲ್ಲ. ಮಿಕ್ಕ ದಿನಗಳದ್ದೇ ಕಷ್ಟ. ಬಸ್ಸಿನಲ್ಲಿ ಬಾಗಿಲ ಹತ್ತಿರ ನಿಲ್ಲಲ್ಲ. ಬೈಕ್ ಮಾರಿದೆ. ನಿನ್ನ ಮದುವೆಗೆ ರಜೆ ಸಿಗಲಿಲ್ಲ ಅಂದಿದ್ದೆ, ಅಲ್ವಾ? ರಜೆ ಇತ್ತು. ಛತ್ರದಲ್ಲಿ, ಧಾರೆಯ ಹೊತ್ತಿಗೆ ಬಿದ್ದುಬಿಟ್ಟರೆ? ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮುಹೂರ್ತ ಮುಗಿಯುವವರೆಗೂ ಮಂಚದ ಮೇಲೆ ಸುಮ್ನೆ ಕೂತಿದ್ದೆ.

ನನ್ನ ಮದುವೆ ಮಾತು ಬಂದಾಗ ಸೋದರಮಾವ "ಹುಡುಗಿ ಕಡೆಯವರಿಗೆ ಹೇಳಬೇಡಿ" ಅಂದರು. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿ ಅಂತಿದ್ದ ಮೂರ್ಛೆರೋಗದ ಮಾತನ್ನು 1999ರಲ್ಲೇ ತೆಗೆದಿದ್ದಾರೆ. ಮಾವನ ತಲೆಯಿಂದ ತೆಗೆಯುವವರು ಯಾರು?

ಲೆವೆಟಿರಾಸೆಟಮ್ ಅಂತ ಹೊಸ ಮಾತ್ರೆ ಕೊಟ್ಟ ಮೇಲೆ ಫಿಟ್ಸ್ ನಿಂತಿತು, ಸಿಟ್ಟು ಶುರುವಾಯ್ತು. ಸಾರಿಗೆ ಉಪ್ಪು ಕಡಿಮೆ ಅಂತ ಒಂದು ರಾತ್ರಿ ತಟ್ಟೆ ನೂಕಿದೆ. ಅಮ್ಮ ಏನೂ ಅನ್ನದೆ ನೆಲದ ಮೇಲಿನ ಅನ್ನ ಬಳಿದಳು. ನಾನೇ ಕೆಟ್ಟವನಾಗಿಬಿಟ್ಟೆ ಅಂದುಕೊಂಡೆ. ಬೆಳಿಗ್ಗೆ ಏಳುವುದೇ ಬೇಡ ಅನ್ನಿಸುತ್ತಿತ್ತು. ಡಾಕ್ಟರು ಪ್ರತಿಸಲ ಕೇಳುತ್ತಿದ್ದದ್ದು ಒಂದೇ, "ಫಿಟ್ಸ್ ಬಂತಾ?" ಇಲ್ಲ ಅಂದರೆ ಅದೇ ಮಾತ್ರೆ, ಮತ್ತೆ ಮೂರು ತಿಂಗಳು.

ಒಂದು ಸಲ ಅವರ ಬದಲಿಗೆ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಕೂತಿದ್ದರು. "ನಿದ್ದೆ ಹೇಗಿದೆ? ಬದುಕೋದೇ ಬೇಡ ಅನ್ನಿಸಿದೆಯಾ?" ಅಂದರು. ಹೂಂ ಅಂದೆ. ನಿಜವಾದ ಹೂಂ ಅದೊಂದೇ ನೋಡು. ಅಲ್ಲೇ ಅತ್ತುಬಿಟ್ಟೆ.

ಆ ಮಾತ್ರೆ ಕೆಲವರಿಗೆ ಸಿಟ್ಟು, ಬೇಸರ ತರುತ್ತದಂತೆ. ಮಾತ್ರೆಯೊಂದೇ ಅಲ್ಲ, ಫಿಟ್ಸ್ ಇರುವ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಖಿನ್ನತೆಯೂ ಇರುತ್ತದಂತೆ. ಮೆಲ್ಲಗೆ ಮಾತ್ರೆ ಬದಲಾಯಿಸಿದರು. ಮನಸ್ಸಿಗೂ ಒಂದು ಮಾತ್ರೆ ಸೇರಿಸಿದರು. ನೀನಾಗಿ ಯಾವುದನ್ನೂ ನಿಲ್ಲಿಸಬೇಡ, ಫಿಟ್ಸ್ ಮೇಲಿಂದ ಮೇಲೆ ಬರಬಹುದು ಅಂತ ಎರಡೆರಡು ಸಲ ಹೇಳಿದರು. ರಾತ್ರಿ ಕಷ್ಟವಾದರೆ ಟೆಲಿ ಮನಸ್ ಅಂತ ಸರ್ಕಾರದ್ದೇ ಮಾನಸಿಕ ಸಹಾಯವಾಣಿ ಇದೆ, 14416. ಕನ್ನಡದಲ್ಲೇ ಮಾತಾಡುತ್ತಾರೆ. ಎರಡು ಸಲ ಮಾಡಿದ್ದೇನೆ.

ಹಾಂ, ಹಾಸ್ಟೆಲ್‌ನಲ್ಲಿ ನನ್ನ ಕೈಗೆ ಬೀಗದ ಕೈ ತುರುಕಿದ್ದೆಯಲ್ಲ, ಅದರಿಂದ ಏನೂ ಉಪಯೋಗ ಇಲ್ಲ ಮಾರಾಯ. ಮಗ್ಗುಲಿಗೆ ಮಲಗಿಸು, ಬಾಯಿಗೆ ಏನೂ ಹಾಕಬೇಡ, ಗಡಿಯಾರ ನೋಡು. ಐದು ನಿಮಿಷ ದಾಟಿದರೆ 108.

ಚಿಲಕ ಮತ್ತೆ ಹಾಕುವುದು ಬೇಡ ಅಂದರು ಡಾಕ್ಟರಮ್ಮ. ಆಯ್ತು. ಆದರೆ ಅಮ್ಮನ ಜತೆ ಒಂದು ಒಪ್ಪಂದ ಮಾಡಿಕೊಂಡಿದ್ದೇನೆ. ಸ್ನಾನ ಮುಗಿಯುವವರೆಗೂ ನಾನು ಹಾಡುತ್ತಿರಬೇಕು, ಅವಳು ಅಡುಗೆಮನೆಯಲ್ಲಿರಬೇಕು. ಹಾಡು ನಿಂತರೆ ಓಡಿ ಬರಬಹುದು. ನನ್ನ ಕಂಠ ನಿನಗೆ ಗೊತ್ತಲ್ಲ. ಪಕ್ಕದ ಮನೆಯವರು ಆ ಹೊತ್ತಿಗೆ ಸರಿಯಾಗಿ ಟಿವಿ ಜೋರು ಮಾಡುತ್ತಾರೆ. ನೀರು ತುಂಬುವ ಹಬ್ಬಕ್ಕೆ ಹೆಂಡತಿಯನ್ನೂ ಕರೆದುಕೊಂಡು ಬಾ, ನೀನೇ ಕೇಳುವೆಯಂತೆ.

ನಿನ್ನ,
ರೂಮ್‌ಮೇಟು