ದೇವರನ್ನು ಬಿಡಿ, ಪವಾಡಗಳನ್ನಾದರೂ ಪರೀಕ್ಷಿಸಿ

ಮಾನ್ಯ ಸಂಪಾದಕರೇ,

ದೇವರಿದ್ದಾನೋ ಇಲ್ಲವೋ ಅಂತ ವಿಜ್ಞಾನ ಪರೀಕ್ಷಿಸಬಹುದೇ ಎಂಬ ಚರ್ಚೆ ನಿಮ್ಮ ಓದುಗರ ಪತ್ರಗಳಲ್ಲಿ ಜೋರಾಗಿದೆ. ರೂಪವಿಲ್ಲದ, ಗುಣವಿಲ್ಲದ, ಲೋಕದ ಯಾವ ವ್ಯವಹಾರಕ್ಕೂ ಕೈ ಹಾಕದ ದೇವರನ್ನು ಪರೀಕ್ಷಿಸಲು ಖಂಡಿತ ಆಗಲ್ಲ. ಆದರೆ ನಮ್ಮಲ್ಲಿ ಜಾಸ್ತಿ ಜನ ನಂಬುವುದು ಆ ದೇವರನ್ನಲ್ಲ ಅಲ್ವಾ? ಹರಕೆ ಹೊತ್ತರೆ ಕಾಯಿಲೆ ವಾಸಿ ಮಾಡುವ, 1995ರಲ್ಲಿ ಊರೂರಲ್ಲಿ ಗಣೇಶನ ವಿಗ್ರಹವಾಗಿ ಚಮಚದಿಂದ ಹಾಲು ಕುಡಿದ ಎನ್ನಲಾದ ದೇವರನ್ನು. ಹಾಲಿಗೆ ಬಣ್ಣ ಬೆರೆಸಿ ನೋಡಿದಾಗ ಅದು ವಿಗ್ರಹದ ಮೈಮೇಲೆ ತೆಳ್ಳಗೆ ಇಳಿದು ಹೋಗುವುದು ಕಂಡಿತು. ಪರೀಕ್ಷೆ ಅಂದರೆ ಇಷ್ಟೇ.

ಪ್ರಾರ್ಥನೆಯನ್ನೂ ಪರೀಕ್ಷಿಸಿದ್ದಾರೆ. ಅಮೆರಿಕದಲ್ಲಿ ಹೃದಯದ ಬೈಪಾಸ್ ಮಾಡಿಸಿಕೊಂಡ 1,802 ರೋಗಿಗಳನ್ನು ಮೂರು ಗುಂಪು ಮಾಡಿ ನಡೆಸಿದ ಅಧ್ಯಯನದ ಫಲಿತಾಂಶ 2006ರಲ್ಲಿ ಬಂತು. ಹಣ ಕೊಟ್ಟವರಲ್ಲಿ ಮುಖ್ಯವಾದದ್ದು ಧರ್ಮದ ಬಗ್ಗೆ ಒಲವಿರುವ ಟೆಂಪಲ್‌ಟನ್ ಪ್ರತಿಷ್ಠಾನ, ನಾಸ್ತಿಕರಲ್ಲ. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆಯೋ ಇಲ್ಲವೋ ಗೊತ್ತಿಲ್ಲದ ಎರಡು ಗುಂಪುಗಳಲ್ಲಿ ಶಸ್ತ್ರಚಿಕಿತ್ಸೆಯ ನಂತರ ತೊಡಕು ಕಾಣಿಸಿಕೊಂಡಿದ್ದು, ಪ್ರಾರ್ಥನೆ ನಡೆದ ಗುಂಪಿನ ಶೇ 52 ಮತ್ತು ನಡೆಯದ ಗುಂಪಿನ ಶೇ 51 ಜನರಲ್ಲಿ. ಪ್ರಾರ್ಥನೆ ನಡೆಯುತ್ತಿದೆ ಅಂತ ಖಚಿತವಾಗಿ ಗೊತ್ತಿದ್ದವರಲ್ಲಿ ಶೇ 59! ಇದರಿಂದ ದೇವರಿಲ್ಲ ಅಂತ ಸಾಬೀತಾಯಿತೇ? ಇಲ್ಲ, ವಿಚಾರವಾದಿ ಗೆಳೆಯರು ಸುಮ್ನೆ ಕುಣಿಯಬೇಕಿಲ್ಲ. ಮೂರೂ ಗುಂಪಿನವರ ಮನೆಮಂದಿ ತಮ್ಮಷ್ಟಕ್ಕೆ ಪ್ರಾರ್ಥಿಸುವುದನ್ನು ಯಾರು ತಡೆಯಲು ಸಾಧ್ಯ? ಅಪರಿಚಿತರು ದೂರದಿಂದ ಮಾಡಿದ ಪ್ರಾರ್ಥನೆಯಿಂದ ಲಾಭ ಕಾಣಲಿಲ್ಲ, ಅಷ್ಟು ಹೇಳಬಹುದು. ನನಗೆ ಸಿಟ್ಟು ಬರುವುದು ಇನ್ನೊಂದು ಕಡೆಯವರ ಮೇಲೆ. ಫಲಿತಾಂಶ ಉಲ್ಟಾ ಬಂದಿದ್ದರೆ 'ವಿಜ್ಞಾನವೇ ಒಪ್ಪಿತು' ಅಂತ ಊರೆಲ್ಲ ಹೇಳಿಕೊಂಡು ಬರುತ್ತಿದ್ದವರು, ಈಗ 'ದೇವರನ್ನು ಪರೀಕ್ಷಿಸಬಾರದು' ಅನ್ನುತ್ತಾರೆ. ಗೆದ್ದರೆ ಮಾತ್ರ ಆಟ ಒಪ್ಪುತ್ತೇವೆ ಅಂದರೆ ಹೇಗೆ ಸ್ವಾಮಿ?

ಈ ವಿಷಯದಲ್ಲಿ ದಾರಿ ತೋರಿಸಿದವರು ನಮ್ಮವರೇ ಆದ ಎಚ್. ನರಸಿಂಹಯ್ಯನವರು. ಭೌತಶಾಸ್ತ್ರದ ಮೇಷ್ಟ್ರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ತನಿಖೆ ಮಾಡಲು ಒಂದು ಸಮಿತಿ ಮಾಡಿದರು. ದೇವರಿದ್ದಾನಾ ಅನ್ನುವ ಗೋಜಿಗೆ ಆ ಸಮಿತಿ ಹೋಗಲಿಲ್ಲ. ಬರಿಗೈಯಲ್ಲಿ ವಿಭೂತಿ, ಉಂಗುರ ಸೃಷ್ಟಿಸುತ್ತಾರೆ ಅನ್ನುತ್ತೀರಲ್ಲ, ನಮ್ಮ ಮುಂದೆ ಮಾಡಿ ತೋರಿಸಲಿ ಅಂದಿತು. ಸತ್ಯ ಸಾಯಿಬಾಬಾ ಅವರಿಗೆ ಪತ್ರಗಳೂ ಹೋದವು. ಉತ್ತರ ಬರಲಿಲ್ಲ. ಮರುವರ್ಷ ಸಮಿತಿಯೇ ಇಲ್ಲವಾಯಿತು.

ಶಬರಿಮಲೆಯಲ್ಲಿ ಸಂಕ್ರಾಂತಿಯಂದು ಕಾಣುವ, ದೈವೀ ಬೆಳಕು ಅಂತ ಜನ ನಂಬಿದ್ದ ಮಕರವಿಳಕ್ಕು ಮನುಷ್ಯರೇ ಹಚ್ಚುವ ದೀಪ ಅಂತ ದೇವಸ್ಥಾನ ನಡೆಸುವ ದೇವಸ್ವಂ ಮಂಡಳಿ ಹೈಕೋರ್ಟ್ ಮುಂದೆ ಒಪ್ಪಿಕೊಂಡಿದ್ದು 2011ರಲ್ಲಿ, ಅಲ್ಲಿಗೆ ಹತ್ತಿರದ ಪುಲ್ಲುಮೇಡಿನ ಕಾಲ್ತುಳಿತದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತ ಮೇಲೆ. ಅವರಲ್ಲಿ ಕನ್ನಡಿಗರೂ ಇದ್ದರು. ಹಾಗಂತ ಅಯ್ಯಪ್ಪನ ಭಕ್ತರೇನೂ ಕಡಿಮೆಯಾಗಿಲ್ಲ, ಆಗಬೇಕು ಅಂತ ನಾನು ಹೇಳುತ್ತಲೂ ಇಲ್ಲ.

ನನ್ನ ಕೋರಿಕೆ ಇಷ್ಟೇ: ನಮ್ಮ ಯಾವುದಾದರೂ ಒಂದು ವಿಶ್ವವಿದ್ಯಾಲಯ ಅಂಥ ಸಮಿತಿಯನ್ನು ಮತ್ತೆ ಶುರು ಮಾಡಲಿ. ಎಂಥ ಫಲಿತಾಂಶ ಬಂದರೆ ಸೋತೆವು ಅಂತ ಒಪ್ಪುತ್ತೇವೆ ಎಂಬುದನ್ನು ಎರಡೂ ಕಡೆಯವರು ಮೊದಲೇ ಬರೆದು ಸಹಿ ಹಾಕಲಿ. ಬೇಕಿದ್ದರೆ ಬೆಳಬೆಳಗ್ಗೆ ಟಿವಿಯಲ್ಲಿ ಕೂರುವ ಜ್ಯೋತಿಷಿಗಳಿಂದಲೇ ಆರಂಭಿಸಬಹುದು.

— ಒಬ್ಬ ಓದುಗ, ಬೆಂಗಳೂರು