ಸರ್ ಫೋನ್ ಎತ್ತದಿದ್ದರೆ?

ಪ್ರಮೋದನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಉದ್ದನೆಯ ಮೆಸೇಜ್ ಓದಿದೆ. ಫೋನ್ ಮಾಡಿದರೆ ನಿಮ್ಮಮ್ಮ ಪಕ್ಕದಲ್ಲೇ ಇರುತ್ತಾಳೆ, ಅದಕ್ಕೇ ಬರೆಯುತ್ತಿದ್ದೇನೆ. ಫೀಸಿನ ವಿಷಯ, ನಿಮ್ಮಪ್ಪನ ವಿಷಯ ನನಗೆ ಗೊತ್ತಿರುವುದೇ, ಅದನ್ನು ಬಿಡು. ಎಂಬಿಬಿಎಸ್ ಫೈನಲ್ ಇಯರ್ ಓದುತ್ತಲೇ ನೀನು ಆ ಡಾಕ್ಟರ್ ಸರ್ ನರ್ಸಿಂಗ್ ಹೋಮಿನಲ್ಲಿ ರಾತ್ರಿ ಪಾಳಿಯ ಕೆಲಸಕ್ಕೆ ಸೇರಿದ್ದಕ್ಕೂ ನನ್ನ ತಕರಾರಿಲ್ಲ. ನಮ್ಮ ಮನೆಯಲ್ಲಿ ದುಡಿಯದೆ ಓದಿದವರು ಯಾರಿದ್ದಾರೆ ಹೇಳು.

ನನ್ನ ನಿದ್ದೆ ಕೆಡಿಸಿದ್ದು ಕೊನೆಯಲ್ಲಿ ನೀನು ಸುಮ್ನೆ ಬರೆದ ಒಂದು ಸಾಲು. “ರಾತ್ರಿ ಏನಾದ್ರೂ ಆದ್ರೆ ಸರ್‌ಗೆ ಫೋನ್ ಮಾಡ್ತೀನಿ, ಅವರು ಹೇಳಿದ ಹಾಗೆ ಮಾಡ್ತೀನಿ, ಅಷ್ಟೇ ದೊಡ್ಡಮ್ಮ.”

ಸರ್ ಫೋನ್ ಎತ್ತದಿದ್ದರೆ?

ನಾನು ಜಿಎನ್‌ಎಂ ನರ್ಸಿಂಗ್ ಕೋರ್ಸ್ ಮುಗಿಸಿ ಮೊದಲು ಸೇರಿದ್ದೂ ಇಂಥದ್ದೇ ಒಂದು ನರ್ಸಿಂಗ್ ಹೋಮ್. ಸರ್ಕಾರಿ ಕೆಲಸ ಸಿಕ್ಕಿದ್ದು ಆಮೇಲೆ. ಅಲ್ಲಿ ರಾತ್ರಿ ಕೂರುತ್ತಿದ್ದವನೂ ನಿನ್ನ ಹಾಗೇ ಫೈನಲ್ ಇಯರ್ ಹುಡುಗ. ಬುದ್ಧಿವಂತ. ಪುಸ್ತಕ ತರುತ್ತಿದ್ದ, ಟೇಬಲ್ ಮೇಲೆ ತಲೆ ಇಟ್ಟು ನಿದ್ದೆ ಹೋಗುತ್ತಿದ್ದ. ಒಂದು ರಾತ್ರಿ ಹೆರಿಗೆಯಾದ ಹೆಂಗಸಿಗೆ ರಕ್ತ ನಿಲ್ಲಲಿಲ್ಲ. ಸರ್ ಮನೆಗೆ ಫೋನ್ ಮಾಡಿದೆವು. ಆಗ ಮೊಬೈಲ್ ಎಲ್ಲಿ? ಲ್ಯಾಂಡ್‌ಲೈನ್ ಹೊಡೆದುಕೊಳ್ಳುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಹುಡುಗ ರಕ್ತ ನಿಲ್ಲಿಸುವ ಮೆಥರ್ಜಿನ್ ಇಂಜೆಕ್ಷನ್ನನ್ನು ಸಿರಿಂಜಿಗೆ ಎಳೆದುಕೊಂಡು ಬಂದ. ಆಕೆಗೆ ಬಿಪಿ ಜಾಸ್ತಿ ಇತ್ತು. ಬಿಪಿ ಇದ್ದವರಿಗೆ ಅದನ್ನು ಕೊಡಬಾರದು, ನೀನೂ ಓದಿರುತ್ತೀಯ. ಅವನೂ ಓದಿದ್ದ. ಪರೀಕ್ಷೆಯಲ್ಲಿ ಕೇಳಿದ್ದರೆ ಥಟ್ ಅಂತ ಬರೆಯುತ್ತಿದ್ದ. ರಾತ್ರಿ ಎರಡು ಗಂಟೆಗೆ, ನೆಲದ ಮೇಲೆಲ್ಲ ರಕ್ತ ಇರುವಾಗ, ನೆನಪಾಗಲಿಲ್ಲ. ನಾನು ಅವನ ಕೈ ಹಿಡಿದೆ. ಹೊಟ್ಟೆ ತಿಕ್ಕುತ್ತಾ ಗರ್ಭಕೋಶ ಬಿಗಿಯಾಗಿಸುವ ಪಿಟೋಸಿನ್ ಡ್ರಿಪ್ ಹಾಕಿ, ಜೀಪಿನಲ್ಲಿ ಜಿಲ್ಲಾ ಆಸ್ಪತ್ರೆಗೆ ಕಳಿಸಿದೆವು. ಆಕೆ ಉಳಿದಳು.

ಆದರೆ ಜೀಪ್ ಹತ್ತುವ ಮುಂಚೆ ಆಕೆಯ ಗಂಡ ಆ ಹುಡುಗನಿಗೆ ಕೈ ಮುಗಿದು “ಡಾಕ್ಟ್ರೇ, ನೀವೇ ದೇವ್ರು” ಅಂದ. ಹುಡುಗನ ಮುಖ ನೋಡಲಾಗಲಿಲ್ಲ.

ನಿನ್ನನ್ನೂ ಅಲ್ಲಿ ಡಾಕ್ಟ್ರೇ ಅಂತಾರಲ್ವಾ? ನೀನು ಏನು ಹೇಳ್ತೀಯ?

ಕಾನೂನು ನಿನಗೆ ಹೇಳಿಕೊಡುವಷ್ಟು ನಾನು ಓದಿದವಳಲ್ಲ. ಆದರೂ ನಲವತ್ತು ವರ್ಷ ಆಸ್ಪತ್ರೆಯಲ್ಲಿದ್ದವಳಿಗೆ ಇಷ್ಟು ಗೊತ್ತಿರುತ್ತೆ. ಫೈನಲ್ ಪಾಸಾದ ಮೇಲೆ ಪ್ರೊವಿಷನಲ್ ರಿಜಿಸ್ಟ್ರೇಷನ್ ಸಿಗುತ್ತದೆ. ಅದೂ ಇಂಟರ್ನ್‌ಶಿಪ್‌ಗೆ ಮಾತ್ರ, ದೊಡ್ಡವರ ಕೈಕೆಳಗೆ. ಆ ಒಂದು ವರ್ಷ ಮುಗಿಸಿ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ನಂಬರ್ ತೆಗೆದುಕೊಂಡ ಮೇಲೆಯೇ ನೀನು ಡಾಕ್ಟರ್. 2019ರ ನ್ಯಾಷನಲ್ ಮೆಡಿಕಲ್ ಕಮಿಷನ್ ಕಾಯ್ದೆಯ ಪ್ರಕಾರ, ರಿಜಿಸ್ಟ್ರೇಷನ್ ಇಲ್ಲದೆ ವೈದ್ಯನಂತೆ ಚಿಕಿತ್ಸೆ ಕೊಟ್ಟರೆ 1 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಸರ್ ಬೆಳಗ್ಗೆ ಬಂದು ಕೇಸ್ ಶೀಟಿಗೆ ಸೈನ್ ಹಾಕ್ತಾರೆ ಅಂದೆಯಲ್ಲ, ಸೈನ್ ಅವರದ್ದಾದರೂ ಒಳಗಿನ ಅಕ್ಷರ ನಿನ್ನದೇ ತಾನೆ? ಏನಾದರೂ ಆದ ದಿನ ಪೊಲೀಸರು ಮೊದಲು ತೆಗೆದುಕೊಂಡು ಹೋಗುವುದು ಆ ಕೇಸ್ ಶೀಟನ್ನೇ.

ಹೆದರಿಸುತ್ತಿದ್ದೇನೆ ಅನ್ನಿಸಬಹುದು. ಹೆದರಿರುವುದು ನಾನು. ಎದೆ ಉರಿ, ಗ್ಯಾಸು ಅಂತ ಮಧ್ಯರಾತ್ರಿ ನಡೆದುಕೊಂಡೇ ಬರುವವರು ಎಷ್ಟು ಜನ! ಅದರಲ್ಲಿ ಒಬ್ಬನ ಮೈಯೆಲ್ಲ ಬೆವರಿರುತ್ತದೆ. ಗ್ಯಾಸಿಗೆ ಕೊಡುವ ರಾನಿಟಿಡಿನ್ ಚುಚ್ಚಿ ಮಲಗಿಸಿದ ಕೇಸು, ಬೆಳಗ್ಗೆ ಇಸಿಜಿ ತೆಗೆದಾಗ ಹಾರ್ಟ್ ಅಟ್ಯಾಕ್ ಅಂತ ಗೊತ್ತಾದದ್ದನ್ನು ನಾನು ನೋಡಿದ್ದೇನೆ. ಅಂಥವನು ನಿನ್ನ ಪಾಳಿಯಲ್ಲಿ ಬಂದು, ಸರ್ ಫೋನ್ ಸೈಲೆಂಟ್‌ನಲ್ಲಿದ್ದರೆ?

ನನ್ನದೊಂದು ವಿಷಯ ನಿನಗೆ ಹೇಳಿರಲಿಲ್ಲ. ಆಗ ನಾನು ಹಗಲು ಒಂದು ಕಡೆ, ರಾತ್ರಿ ಇನ್ನೊಂದು ಕಡೆ ಡ್ಯೂಟಿ ಮಾಡುತ್ತಿದ್ದೆ. ತಮ್ಮಂದಿರ ಓದು ನಡೆಯಬೇಕಿತ್ತು. ನರ್ಸಿಂಗ್‌ನಲ್ಲೇ ಡಿಗ್ರಿ, ಪೋಸ್ಟ್ ಬೇಸಿಕ್ ಬಿಎಸ್‌ಸಿ ಮಾಡಬೇಕು ಅಂತ ಆಸೆ ಇತ್ತು. ಅರ್ಜಿ ತಂದು ತುಂಬಿಸಿಯೂ ಇಟ್ಟಿದ್ದೆ. ಆದರೆ ಪುಸ್ತಕ ತೆಗೆದರೆ ಒಂದು ಪುಟಕ್ಕೇ ಕಣ್ಣು ಮುಚ್ಚುತ್ತಿತ್ತು. ಇನ್ನೊಂದು ವರ್ಷ ಹೋಗಲಿ, ಇನ್ನೊಂದು ವರ್ಷ ಹೋಗಲಿ ಅಂತ ಹೋಗಿಯೇ ಹೋಯಿತು. ನನಗಿಂತ ಚಿಕ್ಕವರು ಟ್ಯೂಟರ್ ಆದರು, ಪ್ರಿನ್ಸಿಪಾಲ್ ಆದರು. ಹೊಟ್ಟೆಕಿಚ್ಚಲ್ಲ, ಆದರೂ ಈಗಲೂ ಕಾಲೇಜಿನ ಬಸ್ಸಲ್ಲಿ ಬಿಳಿ ಸೀರೆಯ ಟೀಚರ್‌ಗಳನ್ನು ಕಂಡರೆ ಒಂಥರಾ ಆಗುತ್ತೆ. ತಮ್ಮಂದಿರಿಗೆ ಅದೆಲ್ಲ ಗೊತ್ತಿಲ್ಲ. ನೀನೂ ಯಾರ ಹತ್ತಿರವೂ ಹೇಳಬೇಡ.

ಇನ್ನು ಏನು ಮಾಡು ಅಂತ ಹೇಳಲಿ? ನೀನೇ ನನಗಿಂತ ತಿಳಿದವನು. ನೀಟ್‌ಗೆ ಓದುವ ಪಿಯುಸಿ ಮಕ್ಕಳಿಗೆ ಸಂಜೆ ಬಯಾಲಜಿ ಹೇಳಿಕೊಡಬಹುದೇನೋ. ರಾತ್ರಿಯ ದುಡ್ಡಿನಷ್ಟು ಬರದೆ ಇರಬಹುದು, ಆದರೆ ನೀನು ತಪ್ಪು ಹೇಳಿಕೊಟ್ಟರೆ ಯಾರೂ ಸಾಯುವುದಿಲ್ಲ. ಬ್ಯಾಂಕಿನಲ್ಲಿ ಎಜುಕೇಷನ್ ಲೋನ್ ಇನ್ನೊಮ್ಮೆ ವಿಚಾರಿಸು. 7.5 ಲಕ್ಷದವರೆಗೆ ಮನೆ, ಜಮೀನು ಅಡ ಇಡುವುದು ಬೇಡ. ಕೋರ್ಸ್ ಮುಗಿದು ಒಂದು ವರ್ಷದ ತನಕ ಕಂತು ಇರುವುದಿಲ್ಲ. ಬಡ್ಡಿ ಬೆಳೆಯುತ್ತೆ, ಅದೂ ನಿಜ. ಸಾಲ ಅಂದರೆ ನಿಮ್ಮಪ್ಪ ಎಗರಾಡುತ್ತಾನೆ, ಅವನ ಹತ್ತಿರ ನಾನು ಮಾತಾಡುತ್ತೇನೆ. ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಈ ವರ್ಷ ಹಾಕಿದ್ದೀಯಾ?

ಅಟೆಂಡೆನ್ಸ್ ಬಗ್ಗೆಯೂ ಕೇಳಬೇಕು ಅಂತಿದ್ದೆ. ಥಿಯರಿಗೆ 75, ಪ್ರಾಕ್ಟಿಕಲ್‌ಗೆ 80 ಪರ್ಸೆಂಟ್ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ರಾತ್ರಿಯೆಲ್ಲ ಎದ್ದಿದ್ದು ಬೆಳಗ್ಗೆ ವಾರ್ಡ್ ಪೋಸ್ಟಿಂಗ್‌ನಲ್ಲಿ ಗೋಡೆಗೆ ಒರಗಿ ನಿಂತರೆ ಹಾಜರಿ ಬೀಳಬಹುದು, ಕೇಸು ಕಲಿತ ಹಾಗೆ ಆಗುತ್ತಾ?

ಒಮ್ಮೆಗೇ ಬಿಡುವುದು ಕಷ್ಟ ಅಂದರೆ ಸರ್ ಹತ್ತಿರ ಮಾತಾಡಿ ನೋಡು. ಇನ್ನೊಬ್ಬ ರಿಜಿಸ್ಟರ್ಡ್ ಡಾಕ್ಟರ್ ಇರುವ ಪಾಳಿಯಲ್ಲಿ ಮಾತ್ರ ಬರ್ತೀನಿ, ಬಿಪಿ ನೋಡ್ತೀನಿ, ಹಿಸ್ಟರಿ ಬರ್ಕೊಡ್ತೀನಿ, ಆರ್ಡರ್ ಬರೆಯಲ್ಲ ಅನ್ನು. ಬೈದರೆ ಬೈಸಿಕೋ. ಅಲ್ಲಿನ ಹಳೆಯ ಸಿಸ್ಟರ್ ಯಾರು? ಅವರ ಜೊತೆ ಚೆನ್ನಾಗಿರು. ರೋಗಿ ಡಾಕ್ಟ್ರೇ ಅಂದರೆ “ನಾನಿನ್ನೂ ಓದ್ತಿದ್ದೀನಿ” ಅಂತ ಹೇಳು.

ನನ್ನ ಪೆನ್ಷನ್ನಿನಲ್ಲಿ ತಿಂಗಳಿಗೆ ಐದು ಸಾವಿರ ಕಳಿಸುತ್ತೇನೆ. ಬೇಡ ಅನ್ನಬೇಡ, ಸಾಲ ಅಂತಲೇ ಬರೆದಿಟ್ಟುಕೋ. ಮುಂದಿನ ನೈಟ್ ಯಾವತ್ತು ಅಂತ ತಿಳಿಸು. ಆ ರಾತ್ರಿ ಅಲ್ಲಿ ಬೇರೆ ಯಾವ ಡಾಕ್ಟರ್ ಇರುತ್ತಾರೆ ಅನ್ನುವುದನ್ನೂ ತಿಳಿಸು.

ಇಂತಿ,
ನಿನ್ನ ದೊಡ್ಡಮ್ಮ